ಮಾದರಿ ರೈಲಿನ ಹೊಳೆಯುವ ಬಿಡಿಭಾಗಕ್ಕೆ ಕಪ್ಪು ಹಿಡಿಸುವುದು: ಸಮಗ್ರ ಮಾರ್ಗದರ್ಶಿ

ಹಳೇ ಎಂಜಿನ್ನಿಗೆ ಹೊಸ ಚಕ್ರ ಹಾಕಿರುತ್ತೀರಿ. ಓಟ ಚೆನ್ನಾಗಿರುತ್ತದೆ. ಆದರೆ ಕಣ್ಣಿಗೆ ಹೊಂದುವುದಿಲ್ಲ. ಮೇಲೆಲ್ಲ ಮಸಿ ಬಣ್ಣ, ಕೆಳಗೆ ಮಾತ್ರ ಹೊಸ ನಾಣ್ಯ ಜೋಡಿಸಿಟ್ಟ ಹಾಗೆ ಫಳಫಳ. ಎರಕದ ಹಿತ್ತಾಳೆ ವಿಷಲ್, ತಂತಿಯ ಹ್ಯಾಂಡ್‌ರೈಲ್, ಕಪ್ಲಿಂಗ್ ಕೊಕ್ಕೆ, ಬಫರ್, ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸೈಡ್ ರಾಡ್, ಯಾವ ಲೋಹದ ಬಿಡಿಭಾಗ ಬದಲಿಸಿದರೂ ಇದೇ ಪಾಡು.

ಕಪ್ಪು ಬಣ್ಣ ಬಳಿದರೆ ಆಯ್ತಲ್ವಾ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಅಲುಗಾಡದ ಭಾಗಕ್ಕೆ ಬಳಿಯಬಹುದು. ಆದರೆ ನಾವು ಕೆಲಸ ಮಾಡುವ ಅಳತೆಯಲ್ಲಿ ಬಣ್ಣದ ಪದರವೇ ದಪ್ಪ. ಸಾಸಿವೆಗಿಂತ ಚಿಕ್ಕ ರಿವೆಟ್ ತಲೆಗಳು ಬಣ್ಣದಡಿ ಮುಚ್ಚಿಹೋಗುತ್ತವೆ. ಉಜ್ಜಾಡುವ ಜಾಗದಲ್ಲಿ, ಅಂದರೆ ರಾಡಿನ ತೂತು, ಕಪ್ಲಿಂಗ್ ಸರಪಳಿಯ ಕೊಂಡಿ ಇಂಥ ಕಡೆ, ಬಣ್ಣ ಎರಡೇ ದಿನಕ್ಕೆ ಚಕ್ಕೆ ಎದ್ದು ಹಳಿ ಮೇಲೆ ಉದುರುತ್ತದೆ. ರಾಸಾಯನಿಕವಾಗಿ ಕಪ್ಪು ಹಿಡಿಸಿದರೆ ಲೋಹದ ಮೇಲ್ಮೈಯೇ ಬದಲಾಗುತ್ತದೆ. ಮೇಲೆ ಇನ್ನೊಂದು ದಪ್ಪ ಪದರ ಕೂರುವುದಿಲ್ಲ. ರಿವೆಟ್ ರಿವೆಟ್ಟಾಗಿಯೇ ಕಾಣುತ್ತದೆ.

ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಮನೆಯ ಒಂದು ಗೋಡೆಯುದ್ದಕ್ಕೂ ಕಟ್ಟಿಕೊಂಡಿರುವುದು ನಮ್ಮ ಊರಿನದೇ ಹಳೇ ನ್ಯಾರೋಗೇಜ್ ಮಾದರಿ. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ ದಾಟಿ ಇಲ್ಲಿಗೆ ಬಂದು, ನಂದಿ ಹಾಲ್ಟ್ ಮೇಲೆ ಯಲಹಂಕಕ್ಕೆ ಹೋಗುತ್ತಿದ್ದ ಪುಟ್ಟ ರೈಲು. ಕೋಲಾರ–ಚಿಕ್ಕಬಳ್ಳಾಪುರ ಭಾಗ 2013ರಲ್ಲಿ ಬ್ರಾಡ್‌ಗೇಜ್ ಆಗಿ ತೆರೆಯಿತು. ಆ ಹಳೇ ಹಳಿಯ ಅಗಲ 762 ಮಿಲಿಮೀಟರ್. ಎಚ್‌ಓ ಅಳತೆಯಲ್ಲಿ, ಅಂದರೆ 87ರಲ್ಲಿ ಒಂದು ಪಾಲಿಗೆ ಇಳಿಸಿದರೆ, 8.76 ಮಿಲಿಮೀಟರ್ ಆಗುತ್ತದೆ. ಹಾಗಾಗಿ 9 ಮಿಲಿಮೀಟರ್ ಹಳಿ ಸರಿಹೋಗುತ್ತದೆ. ಈ ಗಾತ್ರದ ರೆಡಿಮೇಡ್ ಬಿಡಿಭಾಗಗಳು ಬರುವುದು ಬಹುತೇಕ ಬರೀ ಹಿತ್ತಾಳೆ, ಇಲ್ಲವೇ ಜರ್ಮನ್ ಸಿಲ್ವರ್ ಮೈಯಲ್ಲಿ. ಅವನ್ನು ಕಪ್ಪು ಮಾಡದೆ ಬೇರೆ ದಾರಿಯೇ ಇಲ್ಲ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಕಪ್ಪು ಹಿಡಿಯುವುದು ಬಾಟಲಿಯ ದ್ರಾವಣದಿಂದ ಅಂತ ಎಲ್ಲರೂ ತಿಳಿದಿರುತ್ತಾರೆ. ನನ್ನ ಅನುಭವದಲ್ಲಿ ಅದು ಹಿಡಿಯುವುದು ತೊಳೆಯುವುದರಿಂದ. ಅದಕ್ಕೇ ಈ ಬರಹದಲ್ಲಿ ತೊಳೆಯುವ ಭಾಗ ಜಾಸ್ತಿ ಉದ್ದ ಇದೆ. ಬೇಸರ ಪಡದೆ ಓದಿ.

ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಚಕ್ರದ ಮುಖ, ಅರಗಳು, ಬಫರ್, ಕೊಕ್ಕೆ, ಸರಪಳಿ, ಬ್ರೇಕ್ ರಾಡು, ಹ್ಯಾಂಡ್‌ರೈಲ್ ತಂತಿ, ಚಕ್ರಗಳನ್ನು ಹಿಡಿದಿರುವ ಬೋಗಿ ಚೌಕಟ್ಟಿನ ಹೊರಮೈ, ಇವೆಲ್ಲ ಕಪ್ಪಾಗಬೇಕು.

ಚಕ್ರ ಹಳಿಯನ್ನು ಮುಟ್ಟುವ ಅಂಚು ಕಪ್ಪಾಗಬಾರದು. ಕರೆಂಟ್ ಅಲ್ಲಿಂದಲೇ ಹತ್ತಬೇಕು. ಕರೆಂಟ್ ಎತ್ತುವ ಪಿಕಪ್ ತಂತಿ, ಅಚ್ಚಿನ (ಆಕ್ಸಲ್) ಚೂಪು ತುದಿ, ಗಿಯರಿನ ಹಲ್ಲು, ಬೇರಿಂಗ್ ಒಳಮೈ, ಇವನ್ನೂ ಮುಟ್ಟಬೇಡಿ.

ಸೈಡ್ ರಾಡ್ ವಿಷಯದಲ್ಲಿ ನನಗೊಂದು ಹಟ ಇದೆ. ತುಂಬಾ ಜನ ಅದನ್ನು ಕಾಡಿಗೆ ಕಪ್ಪು ಮಾಡಿಬಿಡುತ್ತಾರೆ. ನಮ್ಮ ಹಬೆ ಎಂಜಿನ್ನುಗಳ ಹಳೇ ಫೋಟೋ ನೋಡಿ, ಮೀಟರ್‌ಗೇಜಿನ ವೈಪಿ ಆಗಲಿ, ವೈಜಿ ಆಗಲಿ. ಚೆನ್ನಾಗಿ ನೋಡಿಕೊಂಡ ಎಂಜಿನ್ನಿನ ರಾಡು ಎಣ್ಣೆ ಮೆತ್ತಿದ ಬರಿ ಉಕ್ಕು. ಬೂದು ಬಣ್ಣ, ಮೇಲೆ ಒಂದು ತಣ್ಣನೆ ಹೊಳಪು. ಹಾಗಾಗಿ ರಾಡನ್ನು ಅರ್ಧ ದಾರಿಗೆ ನಿಲ್ಲಿಸಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಲೋಹ ಯಾವುದು ಅಂತ ಗೊತ್ತು ಮಾಡಿಕೊಳ್ಳಿ

ಒಂದು ಅಯಸ್ಕಾಂತ ತಗೊಳ್ಳಿ. ಅಂಟಿದರೆ ಉಕ್ಕು. ಅಂಟದಿದ್ದರೆ ಕಾಣದ ಜಾಗದಲ್ಲಿ ಸೂಜಿಯಿಂದ ಒಂದು ಗೀರು ಎಳೆಯಿರಿ. ಹಳದಿ ಕಂಡರೆ ಹಿತ್ತಾಳೆ. ಮೇಲೆ ಬೆಳ್ಳಗಿದ್ದು ಒಳಗೆ ಹಳದಿ ಇದ್ದರೆ ನಿಕಲ್ ಲೇಪನ ಕೊಟ್ಟ ಹಿತ್ತಾಳೆ. ಒಳಗೂ ಹೊರಗೂ ತಿಳಿ ಬೂದು ಬಿಳಿ ಇದ್ದು ಗಟ್ಟಿ ಇದ್ದರೆ ಬಹುಶಃ ಜರ್ಮನ್ ಸಿಲ್ವರ್. ಪೂಜಾ ಸಾಮಾನಿನ ಅಂಗಡಿಯಲ್ಲಿ ಸಿಗುವ ಅದೇ ಜರ್ಮನ್ ಸಿಲ್ವರ್. ಹೆಸರಲ್ಲಿ ಮಾತ್ರ ಬೆಳ್ಳಿ, ಇರುವುದು ತಾಮ್ರ, ನಿಕಲ್, ಸತು. ಉಗುರಿಗೇ ಗೀರು ಬೀಳುವಷ್ಟು ಮೆತ್ತಗಿದ್ದರೆ ವೈಟ್ ಮೆಟಲ್. ತೂಕವೇ ಇಲ್ಲ ಅನಿಸಿದರೆ ಅಲ್ಯುಮಿನಿಯಂ.

ಇದು ಯಾಕೆ ಮುಖ್ಯ ಅಂದರೆ, ಹಿತ್ತಾಳೆಯ ದ್ರಾವಣ ಅಲ್ಯುಮಿನಿಯಂ ಮೇಲೆ ಸರಿಯಾಗಿ ಕೆಲಸ ಮಾಡಲ್ಲ, ಅದಕ್ಕೆ ಬೇರೆಯೇ ದ್ರಾವಣ ಬರುತ್ತದೆ. ಅದೇ ದ್ರಾವಣ ಉಕ್ಕಿನ ಮೇಲೆ ಬಿದ್ದರೆ ಕೆಂಪಗೆ ತಾಮ್ರ ಕೂರಬಹುದು. ಸ್ಟೇನ್‌ಲೆಸ್ ಸ್ಟೀಲ್ ಯಾವುದಕ್ಕೂ ಜಗ್ಗಲ್ಲ. ಸತುವಿನ ಎರಕ, ಅಂದರೆ ಹಳೇ ಎಂಜಿನ್ನುಗಳ ಭಾರದ ಚಾಸಿ ಇರುತ್ತದಲ್ಲ, ಅದು ಆಮ್ಲಕ್ಕೆ ನೊರೆ ಎದ್ದು ತೂತು ತೂತಾಗುತ್ತದೆ. ಅದಕ್ಕೆ ಬಣ್ಣವೇ ಸರಿ.

ಸಾಮಾನು

ಕಪ್ಪು ಮಾಡುವ ದ್ರಾವಣಗಳಲ್ಲಿ ನಾನು ಬಳಸುವುದು ಬರ್ಚ್‌ವುಡ್ ಕೇಸಿ ಕಂಪನಿಯ ಬ್ರಾಸ್ ಬ್ಲ್ಯಾಕ್. ಆನ್‌ಲೈನಲ್ಲಿ ತರಿಸಬೇಕು. ಸಿಗದಿದ್ದರೆ ಬಣ್ಣದ ಗಾಜಿನ ಕೆಲಸದವರು ಬೆಸುಗೆಗೆ ಹಚ್ಚುವ ಬ್ಲ್ಯಾಕ್ ಪ್ಯಾಟಿನಾ ನೋಡಿ. ಇಂಥ ಬಹಳಷ್ಟು ಬಾಟಲಿಗಳ ಒಳಗಿನ ಸಂಗತಿ ಹೆಚ್ಚುಕಡಿಮೆ ಒಂದೇ: ಸೆಲೆನಿಯಂ ಇರುವ ಆಮ್ಲ, ತಾಮ್ರದ ಲವಣ, ಸ್ವಲ್ಪ ಬೇರೆ ಆಮ್ಲ. ಹಿತ್ತಾಳೆಯಲ್ಲಿರುವ ತಾಮ್ರ ಸೆಲೆನಿಯಂ ಜೊತೆ ಸೇರಿ ಕಾಪರ್ ಸೆಲೆನೈಡ್ ಆಗುತ್ತದೆ. ಆ ಕಪ್ಪೇ ನಮಗೆ ಬೇಕಾದ ಕಪ್ಪು.

ಪಿಸಿಬಿ, ಅಂದರೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಹಲಗೆ, ಕೆತ್ತಲು ಬಳಸುವ ಫೆರಿಕ್ ಕ್ಲೋರೈಡ್ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ತುಂಬಾ ತೆಳು ಮಾಡಿ ಬಳಸಿದರೆ ಹಿತ್ತಾಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಅದರ ಕೆಲಸವೇ ಲೋಹ ತಿನ್ನುವುದು. ಅರ್ಧ ಮಿಲಿಮೀಟರ್ ತಂತಿಯನ್ನು ಅದರಲ್ಲಿ ಮರೆತರೆ ತಂತಿಯೇ ಸೊರಗುತ್ತದೆ. ನಾನು ಬಿಟ್ಟುಬಿಟ್ಟೆ.

ಉಳಿದದ್ದೆಲ್ಲ ಊರಲ್ಲೇ ಇದೆ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ನಾಲ್ಕು ಸಣ್ಣ ಬಟ್ಟಲು, ಪ್ಲಾಸ್ಟಿಕ್ ಟೀ ಸೋಸುವ ಜಾಲರಿ, ಹಳೇ ಟೂತ್‌ಬ್ರಷ್, 1000 ನಂಬರಿನ ವಾಟರ್ ಪೇಪರ್, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್, ನಿಂಬೆ ಉಪ್ಪು, ಅಡುಗೆ ಸೋಡಾ, ಅಸಿಟೋನ್, ಹೊಲಿಗೆ ಮಿಷನ್ ಎಣ್ಣೆ, ಕೈಗವಸು, ಕನ್ನಡಕ. ಬಟ್ಟಲು, ಜಾಲರಿ ಇವು ಒಮ್ಮೆ ಈ ಕೆಲಸಕ್ಕೆ ಬಂದರೆ ಮತ್ತೆ ಅಡುಗೆಮನೆಗೆ ಹೋಗಬಾರದು. ಮಾರ್ಕರಿನಲ್ಲಿ ಬರೆದಿಡಿ.

ನೀರಿನ ಬಗ್ಗೆ ಎರಡು ಮಾತು. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೋರ್‌ವೆಲ್ ನೀರು ಎಷ್ಟು ಗಡಸು ಅಂತ ಗೀಸರ್ ಬಿಚ್ಚಿದವರಿಗೆಲ್ಲ ಗೊತ್ತು. ಆ ನೀರಲ್ಲಿ ಜಾಲಾಡಿಸಿದರೆ ಬಿಡಿಭಾಗ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಕಲೆ ಬಿದ್ದ ಕಡೆ ಕಪ್ಪು ಹಿಡಿಯಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್ ತಂದಿಡಿ. ನಾನು ಇಲ್ಲೇ ಬಿಬಿ ರೋಡಿನ ಬ್ಯಾಟರಿ ಅಂಗಡಿಯಿಂದ ತರುತ್ತೇನೆ. ಒಂದು ಕ್ಯಾನ್ ತಿಂಗಳುಗಟ್ಟಲೆ ಬರುತ್ತದೆ.

ಬಿಚ್ಚುವುದು

ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬಿಡಿಭಾಗವನ್ನು ಎಂಜಿನ್ನಿನಿಂದ ಪೂರ್ತಿ ಹೊರಗೆ ತೆಗೆದೇ ಕೆಲಸ ಮಾಡಿ. ಎಂಜಿನ್ ಮೇಲಿಟ್ಟುಕೊಂಡೇ ಬ್ರಷ್ಷಿನಲ್ಲಿ ದ್ರಾವಣ ಹಚ್ಚಿದರೆ ಅದು ಸಂದಿಗೆ ಇಳಿದು ಮೋಟರ್, ಗಿಯರ್ ಹಾಳು ಮಾಡುತ್ತದೆ. ಆದರೆ ಚಕ್ರಗಳನ್ನು ಅಚ್ಚಿನಿಂದ ಎಳೆದು ತೆಗೆಯಬೇಡಿ. ಹಬೆ ಎಂಜಿನ್ನಿನಲ್ಲಿ ಎಡಬದಿಯ ಚಕ್ರಕ್ಕೂ ಬಲಬದಿಯ ಚಕ್ರಕ್ಕೂ 90 ಡಿಗ್ರಿ ವ್ಯತ್ಯಾಸ ಇಟ್ಟಿರುತ್ತಾರೆ. ಅದು ತಪ್ಪಿದರೆ ರಾಡು ಸಿಕ್ಕಿಹಾಕಿಕೊಳ್ಳುತ್ತದೆ, ಎಂಜಿನ್ ಕುಂಟುತ್ತದೆ, ಮತ್ತೆ ಸರಿ ಮಾಡಲು ಇಡೀ ಭಾನುವಾರ ಬೇಕು.

ತೊಳೆಯುವುದು

ನಾನು ಮೊದಲ ಸಲ ಮಾಡಿದಾಗ ಆರು ವ್ಯಾಗನ್ ಚಕ್ರಗಳನ್ನು ಪೊಟ್ಟಣದಿಂದ ತೆಗೆದು ನೇರ ದ್ರಾವಣಕ್ಕೆ ಹಾಕಿದ್ದೆ. ಕಪ್ಪಾದವು, ಖುಷಿಯಾಯಿತು. ಮೂರನೇ ದಿನ ನೋಡಿದರೆ ಕಪ್ಪೆಲ್ಲ ಪುಡಿಯಾಗಿ ಹಳಿ ಮೇಲೆ ಬಿದ್ದಿದೆ, ಚಕ್ರದ ಮೇಲೆ ನನ್ನ ಹೆಬ್ಬೆಟ್ಟಿನ ಗುರುತು ಹಳದಿಯಾಗಿ ಹಾಗೇ ಉಳಿದಿದೆ. ಆ ಚಕ್ರವನ್ನು ಬೀದಿಯ ಆಚಾರರಿಗೆ ತೋರಿಸಿದೆ. ಅವರದು ಬೆಳ್ಳಿ ಬಂಗಾರದ ಕೆಲಸ.

"ಆಚಾರ್ರೇ, ಇದು ಯಾಕೆ ಹಿಂಗಾಯ್ತು?" ಅಂದೆ.

ಅವರು ಭೂತಗನ್ನಡಿ ಹಿಡಿದು ನೋಡಿ, "ಜಿಡ್ಡು ಸಾರ್. ಜಿಡ್ಡು ಹೋಗದೆ ಏನೂ ಹಿಡಿಯಲ್ಲ. ಕಲಾಯಿ ಹಾಕೋರು ಪಾತ್ರೆನ ಎಷ್ಟು ಹೊತ್ತು ಉಜ್ಜುತ್ತಾರೆ ನೋಡಿದ್ದೀರಲ್ಲ?" ಅಂದರು.

ನೋಡಿದ್ದೆ. ಚಿಕ್ಕವನಿದ್ದಾಗ ಕಲಾಯಿಯವರು ಬೀದಿಗೆ ಬಂದರೆ ಪಾತ್ರೆಯನ್ನು ಮರಳು ಹಾಕಿ ಉಜ್ಜಿ, ಬಿಸಿ ಮಾಡಿ, ನವಸಾಗರ ಎರಚಿ, ಆಮೇಲೆ ತವರ ಸವರುತ್ತಿದ್ದರು. ತವರ ಹಚ್ಚುವುದು ಅರೆಗಳಿಗೆ. ಅದಕ್ಕೆ ಮುಂಚಿನದೇ ದೊಡ್ಡ ಕೆಲಸ.

ಲೋಹದ ಮೇಲೆ ಎರಡು ಥರದ ಕೊಳೆ ಇರುತ್ತದೆ. ಒಂದು ಜಿಡ್ಡು, ಇನ್ನೊಂದು ಕಿಲುಬು. ಯುಗಾದಿಗೆ ಮುಂಚೆ ಹಿತ್ತಾಳೆ ದೀಪ ಬೆಳಗುವುದು ನೆನಪಿಸಿಕೊಳ್ಳಿ. ಅಜ್ಜಿ ಮೊದಲು ಬೂದಿ ಹಾಕಿ ಎಣ್ಣೆ ತೆಗೆಯುತ್ತಿದ್ದರು, ಆಮೇಲೆ ಹುಣಸೆಹಣ್ಣು. ಬೂದಿ ಕ್ಷಾರ, ಅದಕ್ಕೆ ಜಿಡ್ಡು ಬಿಡುತ್ತದೆ. ಹುಣಸೆ ಹುಳಿ, ಅದಕ್ಕೆ ಕಿಲುಬು ಕರಗುತ್ತದೆ. ಹುಣಸೆ ಮೊದಲು ಹಾಕಿದರೆ ಎಣ್ಣೆಯ ಕೆಳಗಿನ ಕಿಲುಬಿಗೆ ಹುಳಿ ತಲುಪುವುದೇ ಇಲ್ಲ. ನಮ್ಮ ಕೆಲಸದಲ್ಲೂ ಇದೇ ಕ್ರಮ, ಹಿಂದುಮುಂದು ಮಾಡಬೇಡಿ.

ಹೊಸ ಬಿಡಿಭಾಗದ ಮೇಲೆ ಕಿಲುಬು ಹಿಡಿಯದಿರಲಿ ಅಂತ ಕಣ್ಣಿಗೆ ಕಾಣದ ಲ್ಯಾಕರ್ ಬಳಿದಿರುವುದುಂಟು. ಹಾಗಾಗಿ ಮೊದಲು ಅಸಿಟೋನಿನಲ್ಲಿ ಹತ್ತು ನಿಮಿಷ ನೆನೆಸಿ. ಉಗುರು ಬಣ್ಣ ತೆಗೆಯುವ ದ್ರವ ಬೇಡ. ಕೆಲವದರಲ್ಲಿ ಎಣ್ಣೆ ಸೇರಿಸಿರುತ್ತಾರೆ, ಕೆಲವದರಲ್ಲಿ ಅಸಿಟೋನೇ ಇರಲ್ಲ. ಬಿಡಿಭಾಗದಲ್ಲಿ ಎಲ್ಲಾದರೂ ಪ್ಲಾಸ್ಟಿಕ್ ಇದ್ದರೆ, ಉದಾಹರಣೆಗೆ ಚಕ್ರದ ನಡುವಿನ ಇನ್ಸುಲೇಷನ್ ಬುಷ್, ಅಸಿಟೋನ್ ಹತ್ತಿರವೂ ತರಬೇಡಿ. ಅಂಥದ್ದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು ಸಾಕು. ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ದೀಪ, ಊದುಬತ್ತಿ, ಗ್ಯಾಸ್ ಒಲೆ ಇರುವ ಕೋಣೆಯಲ್ಲಿ ಬಾಟಲಿ ತೆರೆಯಬೇಡಿ.

ಇಲ್ಲಿಂದ ಮುಂದೆ ಕೈಗವಸು ಹಾಕಿಕೊಳ್ಳಿ. ಬರಿ ಬೆರಳು ಒಮ್ಮೆ ತಾಗಿದರೂ ಮತ್ತೆ ಮೊದಲಿನಿಂದ ಶುರು.

ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಬಿಸಿನೀರು, ಟೂತ್‌ಬ್ರಷ್. ಮೂಲೆ ಮೂಲೆ ತಿಕ್ಕಿ. ಆಮೇಲೆ ಸಮತಟ್ಟಾದ ಜಾಗವನ್ನು ಹಸಿರು ಸ್ಕ್ರಬ್ ಅಥವಾ 1000 ನಂಬರ್ ಪೇಪರಿನಲ್ಲಿ ನೀರು ಹಾಕಿ ಹಗುರವಾಗಿ ಉಜ್ಜಿ. ಸ್ವಲ್ಪ ಒರಟಾದ ಮೈಗೆ ಕಪ್ಪು ಚೆನ್ನಾಗಿ ಕೂರುತ್ತದೆ. ಕನ್ನಡಿ ಥರ ಹೊಳೆಯುವ ಮೈ ಮೇಲೆ ಜಾರುತ್ತದೆ. ನಿಕಲ್ ಲೇಪನ ಇದ್ದರೆ ಅದು ಪೂರ್ತಿ ಹೋಗಿ ಹಳದಿ ಕಾಣುವ ತನಕ ಉಜ್ಜಬೇಕು. ಅರಗಳ ಮಧ್ಯೆ ಉಜ್ಜಲು ಆಗದಿದ್ದರೆ ಸುಮ್ನೆ ಒದ್ದಾಡಬೇಡಿ, ಅಂಥ ಚಕ್ರಕ್ಕೆ ತೆಳು ಬಣ್ಣ ಹೊಡೆಯಿರಿ.

ಈಗ ಹುಳಿ. ಹುಣಸೆಹಣ್ಣೂ ನಡೆಯುತ್ತದೆ, ಆದರೆ ನಾರು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ನಿಂಬೆ ಉಪ್ಪು ವಾಸಿ. ಅರ್ಧ ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ. ಹಿತ್ತಾಳೆಯನ್ನು ಐದರಿಂದ ಹತ್ತು ನಿಮಿಷ ಬಿಡಿ. ಕಂದು ಕಲೆಯೆಲ್ಲ ಹೋಗಿ ಒಂದೇ ಸಮ ಹಳದಿ ಆಗುತ್ತಿದ್ದ ಹಾಗೆ ತೆಗೆಯಿರಿ. ಜಾಸ್ತಿ ಹೊತ್ತು ಬಿಟ್ಟರೆ, ಇಲ್ಲವೇ ಕಬ್ಬಿಣದ ಚಿಮಟ ಅದೇ ಬಟ್ಟಲಿಗೆ ಇಳಿಸಿದರೆ, ಹಿತ್ತಾಳೆ ಮೇಲೆ ಗುಲಾಬಿ ಬಣ್ಣ ಬರಬಹುದು. ಅದು ತಾಮ್ರ. ಬಂದರೆ ಸ್ಕ್ರಬ್‌ನಿಂದ ಒಮ್ಮೆ ಉಜ್ಜಿ. ಪ್ಲಾಸ್ಟಿಕ್ ಚಿಮಟ ಬಳಸಿದರೆ ಈ ತಾಪತ್ರಯವೇ ಇಲ್ಲ.

ಕೊನೆಗೆ ಡಿಸ್ಟಿಲ್ಡ್ ನೀರಲ್ಲಿ ಜಾಲಾಡಿಸಿ ಬೆಳಕಿಗೆ ಹಿಡಿಯಿರಿ. ಕೆಸುವಿನೆಲೆ ಮೇಲೆ ನಿಂತ ಹಾಗೆ ನೀರು ಹನಿ ಹನಿಯಾಗಿ ನಿಂತರೆ ಇನ್ನೂ ಜಿಡ್ಡಿದೆ. ತೆಳು ಹಾಳೆಯಂತೆ ಎಲ್ಲ ಕಡೆ ಹರಡಿಕೊಂಡರೆ ಲೋಹ ನಿಜವಾಗಿ ಬರಿಮೈ ಆಗಿದೆ. ಈ ಪರೀಕ್ಷೆಯಲ್ಲಿ ಪಾಸಾಗದೆ ಮುಂದೆ ಹೋಗಬೇಡಿ. ಪಾಸಾದ ಮೇಲೆ ಒಣಗಿಸುತ್ತಾ ಕೂರಬೇಡಿ, ಒದ್ದೆಯಿರುವಾಗಲೇ ದ್ರಾವಣಕ್ಕೆ ಹಾಕಿ.

ಕಪ್ಪು ಹಿಡಿಸುವುದು

ಕಿಟಕಿ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ. ನಾಲ್ಕು ಬಟ್ಟಲು ಸಾಲಾಗಿ ಇಡಿ: ದ್ರಾವಣ, ನೀರು, ಅಡುಗೆ ಸೋಡಾ ನೀರು, ಮತ್ತೆ ನೀರು.

ಬಾಟಲಿಯಿಂದ ಬೇಕಾದಷ್ಟು ಮಾತ್ರ ಸುರಿದುಕೊಳ್ಳಿ. ಹಿತ್ತಾಳೆಗೆ ನಾನು ಒಂದು ಪಾಲು ದ್ರಾವಣಕ್ಕೆ ಮೂರು ಪಾಲು ಡಿಸ್ಟಿಲ್ಡ್ ನೀರು ಸೇರಿಸುತ್ತೇನೆ. ಗಟ್ಟಿ ದ್ರಾವಣದಲ್ಲಿ ಹತ್ತೇ ಸೆಕೆಂಡಿಗೆ ಕಪ್ಪಾಗುತ್ತದೆ, ನೋಡಲು ಚೆನ್ನ. ಆದರೆ ಆ ಅವಸರದ ಕಪ್ಪು ಲೋಹಕ್ಕೆ ಅಂಟಿಕೊಂಡಿರುವುದಿಲ್ಲ, ಮಸಿಯ ಹಾಗೆ ಮೇಲೆ ಕೂತಿರುತ್ತದೆ, ಬಟ್ಟೆ ತಾಗಿದರೆ ಬರುತ್ತದೆ. ತೆಳು ದ್ರಾವಣ ನಿಧಾನಕ್ಕೆ ಕೆಲಸ ಮಾಡುತ್ತದೆ, ಗಟ್ಟಿಯಾಗಿ ಹಿಡಿಯುತ್ತದೆ. ಜರ್ಮನ್ ಸಿಲ್ವರ್ ಸ್ವಲ್ಪ ಮೊಂಡು, ಅದಕ್ಕೆ ಸಮಪಾಲು ನೀರು ಸಾಕು. ನಮ್ಮ ಕಡೆಯ ಚಳಿಗಾಲದ ಬೆಳಿಗ್ಗೆ ದ್ರಾವಣವೂ ಮಂಕಾಗಿರುತ್ತದೆ. ನಾನು ಈ ಕೆಲಸ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ.

ಸಣ್ಣ ಭಾಗಗಳನ್ನು ಟೀ ಜಾಲರಿಯಲ್ಲಿಟ್ಟು ಇಳಿಸಿ. ತಂತಿ, ರಾಡು ಇದ್ದರೆ ಹತ್ತಿಯ ದಾರ ಕಟ್ಟಿ ಇಳಿಬಿಡಿ. ಒಂದರ ಮೇಲೊಂದು ಬಿದ್ದಿದ್ದರೆ ತಾಗಿದ ಜಾಗ ಹಳದಿಯಾಗೇ ಉಳಿಯುತ್ತದೆ. ಹಾಗಾಗಿ ಜಾಲರಿಯನ್ನು ಮೆಲ್ಲಗೆ ಅಲ್ಲಾಡಿಸುತ್ತಿರಿ. ಬಣ್ಣ ಕಣ್ಣೆದುರೇ ಬದಲಾಗುತ್ತದೆ. ಮೊದಲು ಕಂದು, ಆಮೇಲೆ ನೇರಳೆ ಮಿಶ್ರಿತ ನೀಲಿ, ಆಮೇಲೆ ಕಪ್ಪು. ಈ ನೇರಳೆ ಹೊತ್ತು ನನಗೆ ಬಹಳ ಇಷ್ಟ, ಪ್ರತಿ ಸಲ ನೋಡುತ್ತಾ ನಿಲ್ಲುತ್ತೇನೆ.

ಒಂದು ನಿಮಿಷದ ಒಳಗೆ ತೆಗೆಯಿರಿ. ನೀರಲ್ಲಿ ಜಾಲಾಡಿಸಿ. ಮೆತ್ತನೆ ಬ್ರಷ್ಷಿನಿಂದ ಸವರಿ, ಸಡಿಲ ಪುಡಿ ಇದ್ದರೆ ಹೋಗಲಿ. ಮತ್ತೆ ಅದ್ದಿ. ಹೀಗೆ ಮೂರು ಸಲ. ಒಂದೇ ಸಲಕ್ಕೆ ಮೂರು ನಿಮಿಷ ಬಿಡುವುದಕ್ಕೂ, ಮೂರು ಸಲ ಒಂದೊಂದು ನಿಮಿಷ ಬಿಡುವುದಕ್ಕೂ ಅಜಗಜಾಂತರ ಇದೆ. ಮೊದಲ ಸಲ ಹಿಡಿಯದೆ ಉಳಿದ ಕಡೆ ಎರಡನೇ ಸಲ ಹಿಡಿಯುತ್ತದೆ.

ರಾಡಿಗೆ ಒಂದೇ ಸಲ, ಅದೂ ಇಪ್ಪತ್ತು ಸೆಕೆಂಡ್. ತೊಳೆದು ಒಣಗಿಸಿ, ಚಪ್ಪಟೆ ಕಲ್ಲಿನ ಮೇಲೆ ಹಸಿರು ಸ್ಕ್ರಬ್ ಇಟ್ಟು ರಾಡಿನ ಮುಖವನ್ನು ಉದ್ದಕ್ಕೆ ಎರಡು ಸಲ ಎಳೆಯಿರಿ. ಉಬ್ಬಿದ ಮೈ ಉಕ್ಕಿನ ಬೂದು ಬಣ್ಣಕ್ಕೆ ಬರುತ್ತದೆ, ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಎಣ್ಣೆ ಕೊಳೆ ಕೂತ ನಿಜವಾದ ರಾಡು ಹೀಗೇ ಇರುತ್ತದೆ. ಇದು ಜರ್ಮನ್ ಸಿಲ್ವರ್ ರಾಡಿನ ಮಾತು. ಹಿತ್ತಾಳೆ ರಾಡಾದರೆ ಉಜ್ಜಿದ ಕಡೆ ಹಳದಿ ಇಣುಕುತ್ತದೆ, ಅದನ್ನು ಉಜ್ಜದೆ ಬಿಡಿ.

ಚಕ್ರ ಮತ್ತು ಅಚ್ಚು ಜೋಡಿಯನ್ನು ಮುಳುಗಿಸಲೇಬೇಡಿ. ಅಚ್ಚು ಉಕ್ಕಿನದು, ಬುಷ್ ಪ್ಲಾಸ್ಟಿಕ್ಕಿನದು, ಸಂದಿಗೆ ಹೋದ ಆಮ್ಲ ಹೊರಗೆ ಬರುವುದೇ ಇಲ್ಲ, ತಿಂಗಳ ನಂತರ ಅಲ್ಲಿಂದ ಹಸಿರು ಕಿಲುಬು ಏಳುತ್ತದೆ. ಇಯರ್‌ಬಡ್ಡಿನಲ್ಲಿ ಅದ್ದಿ ಚಕ್ರದ ಮುಖಕ್ಕೆ ಮಾತ್ರ ಹಚ್ಚಿ, ಅಂಚು ಕೆಳಗಿರುವ ಹಾಗೆ ಹಿಡಿದುಕೊಳ್ಳಿ. ಆಮೇಲೆ ನೀರಿನ ಇಯರ್‌ಬಡ್, ಸೋಡಾ ನೀರಿನ ಇಯರ್‌ಬಡ್, ಮತ್ತೆ ನೀರು.

ನಿಲ್ಲಿಸುವುದು, ಒಣಗಿಸುವುದು, ಎಣ್ಣೆ

ಕೊನೇ ಅದ್ದಿನ ನಂತರ ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿದ ಬಟ್ಟಲಿನಲ್ಲಿ ಎರಡು ನಿಮಿಷ ಬಿಡಿ. ಆಮ್ಲ ಸಾಯಬೇಕು. ಸಂದಿಗೊಂದಿ ಇರುವ ಎರಕದ ಭಾಗ ಆದರೆ ಐದು ನಿಮಿಷ ಇರಲಿ. ಆಮೇಲೆ ಡಿಸ್ಟಿಲ್ಡ್ ನೀರು, ಹೇರ್ ಡ್ರೈಯರ್. ಬಿಸಿಲಿಗೆ ಇಟ್ಟರೂ ಸರಿ, ಆದರೆ ನೀರು ಬಸಿದ ಮೇಲೆ.

ಆಗ ನೋಡಿದರೆ ಮಂಕು ಬೂದಿಯಂತೆ ಕಾಣುತ್ತದೆ. ಗಾಬರಿ ಬೇಡ. ಒಂದು ರಾತ್ರಿ ಮುಟ್ಟದೆ ಬಿಡಿ. ಬೆಳಿಗ್ಗೆ ಹಳೇ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದೇ ಹನಿ ಬಟ್ಟೆಗೆ ಹಾಕಿ ಸವರಿ. ಎಣ್ಣೆ ತಾಗುತ್ತಿದ್ದ ಹಾಗೆ ಬೂದು ಹೋಗಿ ಆಳವಾದ ಕಪ್ಪು ಏಳುತ್ತದೆ. ಮೇಲೆ ಮ್ಯಾಟ್ ವಾರ್ನಿಷ್ ಅಥವಾ ಬಣ್ಣ ಹೊಡೆಯುವ ಯೋಚನೆ ಇದ್ದರೆ ಮಾತ್ರ ಎಣ್ಣೆ ಬೇಡ.

ಚಕ್ರದ ಅಂಚಿಗೆ ಕಪ್ಪು ತಾಗಿದ್ದರೆ ಬಟ್ಟೆಗೆ ಸ್ವಲ್ಪ ಬ್ರಾಸೋ ಹಚ್ಚಿ ಚಕ್ರ ತಿರುಗಿಸುತ್ತಾ ಹೊಳಪು ಬರಿಸಿ, ಆಮೇಲೆ ಆಲ್ಕೋಹಾಲಿನಲ್ಲಿ ಒರೆಸಿ. ಉಪ್ಪುಕಾಗದ ಹಾಕಬೇಡಿ. ಗೀರಿನಲ್ಲಿ ಕೊಳೆ ಕೂತು ಕರೆಂಟ್ ಸರಿಯಾಗಿ ಹತ್ತಲ್ಲ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ನೋಡಿ. ಒಂದೇ ಅಚ್ಚಿನ ಎಡ ಚಕ್ರದಿಂದ ಬಲ ಚಕ್ರಕ್ಕೆ ಬೀಪ್ ಬರಬಾರದು. ಅಂಚಿನಿಂದ ಪಿಕಪ್‌ವರೆಗೆ ಬರಬೇಕು.

ಉಕ್ಕಿನ ಸ್ಕ್ರೂಗಳಿಗೆ ಅಳಲೆಕಾಯಿ

ಇದು ನಾನು ತುಂಬಾ ಪ್ರೀತಿಯಿಂದ ಮಾಡುವ ಕೆಲಸ. ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಕಬ್ಬಿಣದ ಅಲಗು ಕಪ್ಪಾಗುತ್ತದಲ್ಲ? ಕಾಯಿಯ ಒಗರು ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಒಗರು ಅಂದರೆ ಟ್ಯಾನಿನ್. ಅದು ಅಳಲೆಕಾಯಿಯಲ್ಲಿ ಬೇಕಾದಷ್ಟಿದೆ. ಹಿಂದೆ ಬಟ್ಟೆಗೆ ಕಪ್ಪು ಬಣ್ಣ ಹಾಕಲೂ ಅಳಲೆಕಾಯಿ, ಕಬ್ಬಿಣದ ನೀರು ಬಳಸುತ್ತಿದ್ದರು.

ಗ್ರಂಧಿಗೆ ಅಂಗಡಿಯಿಂದ ಐದಾರು ಕಾಯಿ ತಂದು ಜಜ್ಜಿ, ಒಂದು ಲೋಟ ನೀರಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸಿ ಸೋಸಿ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಬಾಣಲೆ ಕಬ್ಬಿಣದ್ದಾದರೆ ಮೊದಲು ಬಾಣಲೆಯೇ ಕಪ್ಪಾಗುತ್ತದೆ. ಸ್ಕ್ರೂಗಳ ಜಿಡ್ಡು ತೆಗೆದು ವಿನೆಗರಿನಲ್ಲಿ ನೆನೆಸಿ. ಸತುವಿನ ಲೇಪನ ಇದ್ದರೆ ಗುಳ್ಳೆ ಏಳುತ್ತದೆ, ಗುಳ್ಳೆ ನಿಲ್ಲುವ ತನಕ ಬಿಡಿ, ಗಂಟೆಗಟ್ಟಲೆ ಆಗಬಹುದು. ಲೇಪನ ಇಲ್ಲದಿದ್ದರೆ ಹತ್ತು ನಿಮಿಷ ಸಾಕು. ತೊಳೆದು ಬೆಚ್ಚಗಿನ ಕಷಾಯದಲ್ಲಿ ಅರ್ಧ ಗಂಟೆ, ಹೊರಗೆ ಗಾಳಿಗೆ ಹತ್ತು ನಿಮಿಷ, ಮತ್ತೆ ಕಷಾಯ. ಎರಡು ಮೂರು ಸುತ್ತಿಗೆ ನೀಲಿ ಮಿಶ್ರಿತ ಕಪ್ಪು ಬರುತ್ತದೆ. ಒಣಗಿಸಿ ಎಣ್ಣೆ ಸವರಿ. ಪದರ ತೆಳು, ಉಜ್ಜಾಡುವ ಜಾಗಕ್ಕೆ ಆಗಲ್ಲ. ಸ್ಕ್ರೂ ತಲೆ, ಉಕ್ಕಿನ ತಂತಿಗೆ ಧಾರಾಳ ಸಾಕು.

ಕೆಟ್ಟರೆ

ಅಲ್ಲಲ್ಲಿ ಹಳದಿ ಉಳಿದಿದ್ದರೆ ಜಿಡ್ಡು. ಆ ಜಾಗ ಮಾತ್ರ ಸ್ಕ್ರಬ್ ಮಾಡಿ, ತೊಳೆದು, ಇಯರ್‌ಬಡ್ಡಿನಲ್ಲಿ ಹಚ್ಚಿ. ಎಲ್ಲ ಕಡೆ ಮಸಿ ಉದುರುತ್ತಿದ್ದರೆ ದ್ರಾವಣ ಗಟ್ಟಿಯಾಗಿತ್ತು. ಪೂರ್ತಿ ಉಜ್ಜಿ ತೆಗೆದು ಇನ್ನಷ್ಟು ನೀರು ಸೇರಿಸಿ ಮತ್ತೆ ಮಾಡಿ. ಬೆಸುಗೆ ಹಾಕಿದ ಗೆರೆ ಬೆಳ್ಳಗೆ ಉಳಿಯುವುದು ಸಾಮಾನ್ಯ, ಅದು ತವರ, ಅದಕ್ಕೆ ಮೇಲೆ ಹೇಳಿದ ಬ್ಲ್ಯಾಕ್ ಪ್ಯಾಟಿನಾ ಇಲ್ಲವೇ ಒಂದು ಚುಕ್ಕೆ ಬಣ್ಣ. ಕೆಲವು ದಿನದ ನಂತರ ಹಸಿರು ಪುಡಿ ಕಂಡರೆ ಆಮ್ಲ ಒಳಗೆ ಉಳಿದಿದೆ, ಮತ್ತೆ ಸೋಡಾ ನೀರಿಗೆ ಹಾಕಿ.

ಬಾಟಲಿ ಮತ್ತು ಉಳಿದ ದ್ರಾವಣ

ಇದನ್ನು ಓದದೆ ಬಿಡಬೇಡಿ. ಸೆಲೆನಿಯಂ ಆಮ್ಲ ಭಾರೀ ವಿಷ. ಸ್ವಲ್ಪವೇ ಹೊಟ್ಟೆಗೆ ಹೋದರೂ ಪ್ರಾಣಕ್ಕೆ ಅಪಾಯ. ನಮ್ಮ ಮನೆಗಳಲ್ಲಿ ಏನನ್ನೂ ಹಳೇ ನೀರಿನ ಬಾಟಲಿಗೋ ಜ್ಯೂಸ್ ಬಾಟಲಿಗೋ ತುಂಬಿಡುವ ಅಭ್ಯಾಸ ಇದೆ. ಇದನ್ನು ಯಾವತ್ತೂ ಹಾಗೆ ಇಡಬೇಡಿ. ಅದರದೇ ಬಾಟಲಿಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ, ಬೀಗ ಹಾಕಿಡಿ. ರೈಲು ನೋಡಲು ಮಕ್ಕಳು ಓಡಿ ಬರುವ ಕೋಣೆ ಅಂತೂ ಬೇಡವೇ ಬೇಡ. ಕೈಗೆ ತಾಗಿದರೆ ಕೂಡಲೇ ನೀರಲ್ಲಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ನೀರು ಹಾಕಿ ಡಾಕ್ಟರ ಹತ್ತಿರ ಹೋಗಿ. ಯಾರಾದರೂ ನುಂಗಿದರೆ ಒಂದು ಕ್ಷಣವೂ ಕಾಯದೆ, ಬಾಟಲಿ ಸಮೇತ, ಆಸ್ಪತ್ರೆಗೆ.

ಬಳಸಿದ ದ್ರಾವಣವನ್ನು ಮತ್ತೆ ಬಾಟಲಿಗೆ ಸುರಿಯಬೇಡಿ, ಉಳಿದದ್ದೂ ಕೆಡುತ್ತದೆ. ಬಚ್ಚಲಿಗೂ ಗಿಡದ ಬುಡಕ್ಕೂ ಬೇಡ. ನಮ್ಮ ಕಡೆ ಮನೆ ಹಿಂದೆಯೇ ದ್ರಾಕ್ಷಿ ತೋಟ, ಪಕ್ಕದಲ್ಲೇ ಬೋರ್‌ವೆಲ್. ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ, ನೊರೆ ಬರುವುದು ನಿಲ್ಲುವ ತನಕ ಚಿಟಿಕೆ ಚಿಟಿಕೆ ಅಡುಗೆ ಸೋಡಾ ಸೇರಿಸಿ, ಪೂರ್ತಿ ನಿಂತ ಮೇಲೆ ಮುಚ್ಚಿ, ವಿಷ ಅಂತ ದಪ್ಪಕ್ಷರದಲ್ಲಿ ಬರೆದಿಡಿ. ದ್ರಾವಣದ ಪಕ್ಕದ ಬಟ್ಟಲಿನಲ್ಲಿ ಜಾಲಾಡಿಸಿದ ನೀರೂ ಅದಕ್ಕೇ ಹೋಗಲಿ. ಸೋಡಾ ಹಾಕಿದರೆ ಆಮ್ಲ ಸಾಯುತ್ತದೆ, ವಿಷ ಹೋಗುವುದಿಲ್ಲ. ಡಬ್ಬ ತುಂಬಿದಾಗ ಪರಿಚಯದ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿ, ಅವರ ರಾಸಾಯನಿಕ ಕಸದ ಜೊತೆ ಕಳಿಸಲು ಆಗುತ್ತದಾ ಅಂತ. ಒಂದು ಸಲಕ್ಕೆ ಎರಡು ಮೂರು ಚಮಚ ದ್ರಾವಣ ಸಾಕಾಗುವುದರಿಂದ ಡಬ್ಬ ತುಂಬಲು ವರ್ಷಗಳೇ ಹಿಡಿಯುತ್ತವೆ.

ಜೋಡಿಸಿ ಓಡಿಸಿದ ಮೇಲೆ ಮೊದಲ ವಾರ ಹಳಿಯನ್ನು ದಿನಾ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕಪ್ಪು ಪುಡಿ ಬರುತ್ತಿದ್ದರೆ ಯಾವ ಚಕ್ರದ್ದು ಅಂತ ಹುಡುಕಿ ಅದನ್ನು ಮಾತ್ರ ಬಿಚ್ಚಿ ಮತ್ತೆ ಮಾಡಿ. ಕೊಕ್ಕೆ, ಸರಪಳಿ ಉಜ್ಜಾಡುವ ಕಡೆ ಕೆಲವು ತಿಂಗಳಿಗೆ ಹಳದಿ ಇಣುಕುತ್ತದೆ. ಅಲ್ಲಿಗೆ ಇಯರ್‌ಬಡ್ಡಿನ ಒಂದು ತುದಿ ಆಲ್ಕೋಹಾಲ್, ಇನ್ನೊಂದು ತುದಿ ದ್ರಾವಣ, ಆಮೇಲೆ ಸೋಡಾ ನೀರು ಅದ್ದಿದ ಹೊಸ ಇಯರ್‌ಬಡ್, ಕೊನೆಗೆ ನೀರು. ಕೊಕ್ಕೆಯನ್ನು ಮಾತ್ರ ಬಿಚ್ಚಿಕೊಂಡು ಮಾಡಿದರೆ ಐದು ನಿಮಿಷದ ಕೆಲಸ.